ಪೆಟ್ಟಿಗೆ ಏಳುವಷ್ಟು ಹೊತ್ತು

ಫೆಬ್ರವರಿ ೧೦, ಸೋಮವಾರ

ಬಿ.ಇ. ಮುಗಿದ ವರ್ಷ ಅಪ್ಪ ಕೊಡಿಸಿದ ಈ ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರೂ ಅದರ ಕೆಳಗೆ ವಿಭಾಗಕ್ಕೆ ಮೊದಲಿಗಳಾಗಿ ಪದಕ ಪಡೆದ ದಿನಾಂಕವೂ ಇವೆ. ಎರಡನೆಯ ಪುಟ ಎರಡು ವರ್ಷಗಳಿಂದ ಖಾಲಿ ಇತ್ತು. ಬರೆಯಲು ಯೋಗ್ಯವಾದ ಸಂಗತಿ ಒದಗದೆ ಬರೆಯಬಾರದೆಂಬ ನನ್ನ ನಿಯಮವೇ ಅದಕ್ಕೆ ಕಾರಣ. ಇಂದು ಒದಗಿದೆ.

ಭದ್ರಾವತಿಯ ಆಸ್ಪತ್ರೆಯೊಂದರ ಸರ್ವರ್ ಕೋಣೆಯ ಕೆಲಸವನ್ನು ನಮ್ಮ ಕಂಪನಿಯ ಮಾಲೀಕರಾದ ಶಶಿಧರ್ ಸರ್ ನನಗೊಬ್ಬಳಿಗೇ ಒಪ್ಪಿಸಿದರು. ನಮ್ಮದು ಶಿವಮೊಗ್ಗದ ಏಳು ಜನರ ಕಂಪನಿ; ಅವರಲ್ಲಿ ಮೂವರು ಅನುಭವದಲ್ಲಿ ನನಗಿಂತ ಹಿರಿಯರು. "ನೀವೇ ಮಾಡಿ ಶರಾವತಿ. ಇವ್ರಿಗೆ ಕೊಟ್ರೆ ಇನ್ನೊಂದು ದೀಪಾವಳಿ ಬರುತ್ತೆ," ಎಂದು ಅವರೆದುರಿಗೇ ಹೇಳಿದರು. ನಾನು ತಲೆ ತಗ್ಗಿಸಿದೆ. ಸಂಕೋಚದಿಂದಲ್ಲ, ನಗು ಕಾಣಬಾರದೆಂದು.

ಊಟದ ಹೊತ್ತಿನಲ್ಲಿ ಅಪ್ಪನಿಗೆ ಕೆಲಸವನ್ನು ವಿವರಿಸಿದೆ. ಆಸ್ಪತ್ರೆಯಲ್ಲಿರುವುದು ಎರಡು ದೊಡ್ಡ ಯಂತ್ರಗಳು. ಅವುಗಳೊಳಗೆ ಹನ್ನೊಂದು ವರ್ಚುವಲ್ ಯಂತ್ರಗಳು. ಅಂದರೆ ಲೋಹದ ಮೈಯಿಲ್ಲದ, ತಂತ್ರಾಂಶದಿಂದಲೇ ಕಟ್ಟಿದ ಕಂಪ್ಯೂಟರುಗಳು. ಲ್ಯಾಬಿಗೊಂದು, ಔಷಧಾಲಯಕ್ಕೊಂದು, ಡಯಾಲಿಸಿಸ್ ವಿಭಾಗಕ್ಕೊಂದು, ಹೀಗೆ. ಈ ಹನ್ನೊಂದೂ ತಮ್ಮ ಸರ್ವಸ್ವವನ್ನು ಪಕ್ಕದ ಡಿಸ್ಕುಗಳ ಪೆಟ್ಟಿಗೆಯಲ್ಲಿ ಇರಿಸಿರುತ್ತವೆ. ಇವನ್ನೆಲ್ಲ ಆಳುವ ನಿರ್ವಹಣಾ ಸರ್ವರ್ ಹಳೆಯದಾಗಿದೆ. ಆಡಳಿತವನ್ನು ಹೊಸದಕ್ಕೆ ವರ್ಗಾಯಿಸಬೇಕು. ಜೊತೆಗೆ, ಕರೆಂಟು ಹೋಗಿ ಬಂದಾಗ ಹನ್ನೊಂದೂ ಮನುಷ್ಯರ ಕೈ ಸೋಕದೆ, ಸರಿಯಾದ ಕ್ರಮದಲ್ಲಿ ತಾವಾಗಿ ಏಳುವಂತೆ ಮಾಡಬೇಕು.

ಮೂವತ್ತೆರಡು ವರ್ಷ ಸಂಸ್ಕೃತ ಕಲಿಸಿ ನಿವೃತ್ತರಾದ ಅಪ್ಪ ಮಜ್ಜಿಗೆ ಅನ್ನ ಕಲಸುತ್ತ, "ಇರೋದು ಎರಡು, ಕಾಣೋದು ಹನ್ನೊಂದು. ಒಂದೇ ಇದ್ದಿದ್ರೆ ಅದ್ವೈತ ಅಂತ ಒಪ್ಕೋತಿದ್ದೆ," ಎಂದರು.

"ಎರಡಿದ್ರೇ ಕ್ಷೇಮ ಅಪ್ಪ. ಒಂದು ಕೆಟ್ರೆ ಇನ್ನೊಂದು."

"ಕೆಡುತ್ತೆ ಅಂತ ಮೊದಲೇ ಲೆಕ್ಕ ಹಾಕಿರ್ತೀರಿ. ಒಳ್ಳೆ ಶಾಸ್ತ್ರ," ಎಂದು ಕೈ ತೊಳೆಯಲು ಎದ್ದರು.

ಫೆಬ್ರವರಿ ೧೩, ಗುರುವಾರ

ಭದ್ರಾವತಿಗೆ ಹೋಗಿ ಬಂದೆ. ಸರ್ವರ್ ಕೋಣೆ ನೆಲಮಹಡಿಯ ಮೂಲೆಯಲ್ಲಿದೆ. ಆಸ್ಪತ್ರೆಯ ಜನರೇಟರ್ ತುರ್ತು ಚಿಕಿತ್ಸೆಗೂ ಡಯಾಲಿಸಿಸ್ ಯಂತ್ರಗಳಿಗೂ ಮೀಸಲು. ಈ ಕೋಣೆಗೆ ಅರ್ಧ ಗಂಟೆಯ ಬ್ಯಾಟರಿ ಮಾತ್ರ. ಆಮೇಲೆ ಎಲ್ಲವೂ ಸತ್ತಂತೆ. ಅವನ್ನು ಮತ್ತೆ ಎಬ್ಬಿಸಲೆಂದೇ ರಾತ್ರಿಪಾಳಿಗೆ ಒಬ್ಬ ನೌಕರನನ್ನು ಇರಿಸಿದ್ದಾರೆ. ಶೇಷಪ್ಪ ಎಂಬಾತ. ಅರವತ್ತರ ಆಸುಪಾಸು. ಊರಿನ ಕಾರ್ಖಾನೆಯ ಪವರ್ ಹೌಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ವಿಚ್ ಹಾಕಿದವನಂತೆ. ಇಲ್ಲಿಯೂ ಅದೇ ವಿದ್ಯೆ.

ನಾನು ಬರುವೆನೆಂದು ಪಾಳಿ ಮುಗಿದ ಮೇಲೂ ಉಳಿದಿದ್ದ ಆತ ತನ್ನ ದಾಖಲೆ ಪುಸ್ತಕವನ್ನು ಗಂಭೀರವಾಗಿ ನನ್ನ ಮುಂದಿಟ್ಟ. ಕಪ್ಪು ರಟ್ಟು, ಪೆನ್ಸಿಲ್ ಬರಹ. ಒಂದು ಸಾಲನ್ನು ಇದ್ದ ಹಾಗೆಯೇ ನಕಲು ಮಾಡುತ್ತೇನೆ: "ಬೆ. ೪.೧೦ ಕರೆಂಟ್ ಬಂತು. ಪೆಟ್ಟಿಗೆ ಆನ್. ಕಾಫಿ. ೪.೨೧ ದೊಡ್ಡ ಮಿಷನ್ ಎರಡೂ ಆನ್. ೪.೪೫ ಎಲ್ಲ ಸರಿ. ಶೇ." ಹಿಂದಿನ ಪುಟಗಳನ್ನು ತಿರುವಿದೆ. ಕರೆಂಟು ಹೋದ ಪ್ರತಿಯೊಂದು ದಿನವೂ ಅದೇ ಪದ: ಕಾಫಿ. ಆಸ್ಪತ್ರೆಯೊಂದರ ಮಾಹಿತಿ ವ್ಯವಸ್ಥೆ ಒಬ್ಬನ ಲೋಟ ಬರಿದಾಗುವುದನ್ನು ಕಾಯುತ್ತಿತ್ತು. ನನ್ನ ಫೋನಿನಲ್ಲಿ ಆ ಪುಟದ ಚಿತ್ರ ತೆಗೆದುಕೊಂಡೆ.

"ಇದೆಲ್ಲ ಇನ್ಮೇಲೆ ತಾನೇ ಏಳುತ್ತಾಮ್ಮಾ?" ಎಂದು ಕೇಳಿದ.

"ಏಳುತ್ತೆ."

"ಪುಣ್ಯ ಮಾಡಿದೀರ. ನಮ್ಮನೇಲಿ ನನ್ ಮಗನೇ ತಾನಾಗಿ ಏಳಲ್ಲ."

ನಾನು ನಗಲಿಲ್ಲ. ಹನ್ನೊಂದೂಕಾಲು ಗಂಟೆಯ ಸುಮಾರಿಗೆ, ನಾನು ಯಂತ್ರಗಳ ಕ್ರಮವನ್ನು ಬರೆದುಕೊಳ್ಳುತ್ತಿದ್ದಾಗ, ಆತ ಮತ್ತೆ ಬಾಯಿ ತೆರೆದ. "ಒಂದ್ ಮಾತಮ್ಮಾ. ಈ ಡಿಸ್ಕ್ ಪೆಟ್ಟಿಗೆ ಇದ್ಯಲ್ಲ, ಇದು ಸ್ವಲ್ಪ..."

"ಒಂದೊಂದು ಯಂತ್ರದ ಮಧ್ಯೆ ಎರಡು ನಿಮಿಷ ಬಿಡುವು ಕೊಡ್ತೀನಿ. ಅದು ಸಾಕಾಗುತ್ತೆ."

ಆತ ಪುಸ್ತಕ ಮುಚ್ಚಿದ. "ಸರಿ ಹಂಗಾದ್ರೆ. ಓದಿದವ್ರು ನೀವು."

ಫೆಬ್ರವರಿ ೨೩, ಭಾನುವಾರ

ಆಯಿತು. ಬೆಳಿಗ್ಗೆ ಎಂಟಕ್ಕೆ ಆರಂಭಿಸಿ ಮಧ್ಯಾಹ್ನ ಒಂದರೊಳಗೆ ಹಳೆಯ ನಿರ್ವಹಣಾ ಸರ್ವರಿನಿಂದ ಎರಡೂ ದೊಡ್ಡ ಯಂತ್ರಗಳನ್ನು ಬಿಡಿಸಿ ಹೊಸದರ ಅಧೀನಕ್ಕೆ ತಂದೆ. ಒಳಗಿನ ಹನ್ನೊಂದರಲ್ಲಿ ಒಂದಕ್ಕೂ ತನ್ನ ಒಡೆಯ ಬದಲಾದದ್ದು ತಿಳಿಯಲಿಲ್ಲ. ಲ್ಯಾಬಿನಲ್ಲಿ ಒಬ್ಬಾಕೆ ವರದಿ ಟೈಪು ಮಾಡುತ್ತಲೇ ಇದ್ದಳು. ಆಮೇಲೆ ಎಬ್ಬಿಸುವ ಕ್ರಮವನ್ನು ಕಟ್ಟಿದೆ: ಮೊದಲು ಒಳಬರುವವರ ಗುರುತು ಪರಿಶೀಲಿಸುವ ಯಂತ್ರ, ಅನಂತರ ದತ್ತಾಂಶದ್ದು, ಆಮೇಲೆ ಡಯಾಲಿಸಿಸ್, ಲ್ಯಾಬ್, ಉಳಿದವು, ಕೊನೆಯದಾಗಿ ನಿರ್ವಹಣಾ ಸರ್ವರ್. ಅದೂ ಈ ಹನ್ನೊಂದರಲ್ಲಿ ಒಂದೇ.

ಪರೀಕ್ಷೆಗಾಗಿ ಮೇನ್ ಸ್ವಿಚ್ ತೆಗೆಯಲು ಹೊರಟಾಗ ಡಯಾಲಿಸಿಸ್ ವಿಭಾಗದ ಹಿರಿಯ ನರ್ಸ್ ಪ್ರೇಮಮ್ಮ ಮೆಟ್ಟಿಲಲ್ಲೇ ತಡೆದರು. "ಮಾರಾಯ್ತಿ, ಇವತ್ತೊಂದಿನ ಬೇಡ. ಎಮರ್ಜೆನ್ಸಿ ಅಂತ ಒಬ್ರನ್ನ ಮೆಷಿನ್‌ಗೆ ಹಾಕಿದೀನಿ. ಜನರೇಟರ್ ಹತ್ಕೊಳ್ಳೋ ಅಷ್ಟ್ರಲ್ಲಿ ನನ್ ಜೀವ ಹೋಗುತ್ತೆ. ಅವ್ರ ಪುಟ ಪ್ರಿಂಟ್ ತೆಗ್ದಿಟ್ಕೊಂಡಿದೀನಿ, ನಿನ್ ಕಂಪ್ಯೂಟರ್ ಏನ್ ಬೇಕಾದ್ರೂ ಮಾಡ್ಕೋ. ಮೇನ್ ಮಾತ್ರ ಮುಟ್ಬೇಡ."

ಹೀಗಾಗಿ ಎರಡು ದೊಡ್ಡ ಯಂತ್ರಗಳನ್ನು ಮಾತ್ರ ಆರಿಸಿ ಮತ್ತೆ ಹಚ್ಚಿದೆ. ಪೆಟ್ಟಿಗೆ ಹಚ್ಚಿದ್ದ ಹಾಗೆಯೇ ಇತ್ತು. ಹನ್ನೊಂದೂ ಒಂದರ ಹಿಂದೊಂದು, ಶಾಲೆಯ ಮಕ್ಕಳು ಹಾಜರಿ ಹೇಳುವಂತೆ ಎದ್ದವು.

ಹಸ್ತಾಂತರ ಪಟ್ಟಿಯ ಕೊನೆಯ ಅಂಶ: "ಪೂರ್ಣ ವಿದ್ಯುತ್ ಕಡಿತದ ಪರೀಕ್ಷೆ – ಆಗಿದೆ / ಆಗಿಲ್ಲ." 'ಆಗಿದೆ' ಎಂದು ಗುರುತು ಹಾಕಿದೆ. ಆದದ್ದಕ್ಕೂ ಆಗಬೇಕಾದದ್ದಕ್ಕೂ ತತ್ವತಃ ವ್ಯತ್ಯಾಸವಿಲ್ಲ; ಅದಕ್ಕಾಗಿ ಇನ್ನೊಂದು ಭಾನುವಾರ ಬರುವುದು ವ್ಯರ್ಥ. ಇದುವರೆಗೆ ನನ್ನ ಯಾವ ಉತ್ತರ ಪತ್ರಿಕೆಯೂ ಅಪೂರ್ಣವಾಗಿ ಹೋಗಿಲ್ಲ.

ಹೊರಡುವ ಮುನ್ನ ಕೋಣೆಯ ಬಾಗಿಲಿಗೆ ಸೂಚನೆ ಅಂಟಿಸಿದೆ: "ಇಲ್ಲಿನ ಯಾವ ಗುಂಡಿಯನ್ನೂ ಯಾರೂ ಮುಟ್ಟಕೂಡದು. ಎಲ್ಲವೂ ಸ್ವಯಂಚಾಲಿತ." ಕೆಳಗೆ ಪದವಿಸಹಿತ ನನ್ನ ಹೆಸರು.

ಫೆಬ್ರವರಿ ೨೫, ಮಂಗಳವಾರ

ಆಸ್ಪತ್ರೆಯ ಆಡಳಿತಾಧಿಕಾರಿ ಸುನಿಲ್ ಅವರಿಗೂ ವೈದ್ಯರಿಗೂ ಕೆಲಸದ ಪ್ರದರ್ಶನ ನೀಡಿದೆ. ಆ ಕಪ್ಪು ರಟ್ಟಿನ ಪುಸ್ತಕದ ಚಿತ್ರವನ್ನು ಪರದೆಯ ಮೇಲೆ ಹಾಕಿ, "ಕರೆಂಟ್ ಹೋದಾಗೆಲ್ಲ ಆಸ್ಪತ್ರೆ ಹನ್ನೊಂದು ನಿಮಿಷ ಕಾಯ್ತಾ ಇತ್ತು. ಯಾಕಂದ್ರೆ ಕಾಫಿ ಮುಗೀಬೇಕಿತ್ತು," ಎಂದೆ. ಎಲ್ಲರೂ ನಕ್ಕರು. ಶಶಿಧರ್ ಸರ್ ಎಲ್ಲರಿಗಿಂತ ಹೆಚ್ಚು.

"ಹಂಗಾದ್ರೆ ಈ ಶೇಷಪ್ಪನಿಗೆ ನೈಟ್ ಡ್ಯೂಟಿ ಯಾಕೆ ಇನ್ನು?" ಎಂದು ಸುನಿಲ್ ಕೇಳಿದರು.

"ತಾಂತ್ರಿಕವಾಗಿ ಅಗತ್ಯ ಇಲ್ಲ ಸರ್," ಎಂದೆ. ಕೇಳಿದ ಪ್ರಶ್ನೆಗೆ ಉತ್ತರಿಸಿದೆ, ಅಷ್ಟೆ.

ಮಾರ್ಚ್ ೩, ಸೋಮವಾರ

ಕಾಗದಪತ್ರಕ್ಕೆ ಸಹಿ ಹಾಕಿಸಲು ಭದ್ರಾವತಿಗೆ ಹೋಗಿದ್ದೆ. ಶೇಷಪ್ಪ ಈಗ ಗೇಟಿನಲ್ಲಿ ವಾಹನಗಳಿಗೆ ಟೋಕನ್ ಕೊಡುತ್ತಾನೆ. ಬೆಳಿಗ್ಗೆ ಆರರಿಂದ. ಕೊರಳಲ್ಲಿ ಸೀಟಿ.

"ಗಾಡಿ ಆ ಕಡೆ ಹಾಕಮ್ಮಾ. ಇಲ್ಲಿ ಆಂಬುಲೆನ್ಸ್ ಬರುತ್ತೆ," ಎಂದ. ಟೋಕನ್ ಹರಿದು ಕೊಟ್ಟ. ಟೋಕನ್ ಸಂಖ್ಯೆ ನಲವತ್ತೊಂದು. ಇಂಥದ್ದನ್ನು ಏಕೆ ನೆನಪಿಟ್ಟುಕೊಂಡಿದ್ದೇನೋ ತಿಳಿಯದು.

ಮಾರ್ಚ್ ೧೮, ಮಂಗಳವಾರ

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಬೆಳಿಗ್ಗೆ ಆರೂ ಮುಕ್ಕಾಲಿಗೆ ಪ್ರೇಮಮ್ಮನ ಕರೆ. "ಕಂಪ್ಯೂಟರ್ ಒಂದೂ ಎದ್ದಿಲ್ಲ ಕಣಮ್ಮ. ಬೆಳಗಿನ ಜಾವ ಕರೆಂಟ್ ಹೋಗಿ ಬಂದಿದೆ. ಆರು ಜನ ಪೇಶಂಟ್ಸ್ ಬಂದು ಕೂತಿದಾರೆ." ರೋಗಿಗಳ ಒಣ ತೂಕ, ಅಂದರೆ ಮೈಯಲ್ಲಿ ತುಂಬಿದ ಹೆಚ್ಚಿನ ನೀರನ್ನು ತೆಗೆದ ಮೇಲೆ ಉಳಿಯಬೇಕಾದ ತೂಕ, ಆ ಯಂತ್ರದಲ್ಲಿದೆ. ಅದು ತಿಳಿಯದೆ ಎಷ್ಟು ನೀರು ತೆಗೆಯಬೇಕೆಂಬುದು ತಿಳಿಯದು. ಕಾಗದದಲ್ಲಿ ಇಲ್ಲವೇ ಎಂದು ಕೇಳಿದೆ. "ಎಲ್ಲ ಕಂಪ್ಯೂಟರ್‌ಗೆ ಹಾಕಿ ಅಂದಿದ್ದು ನಿಮ್ ಕಂಪನಿಯೋರೇ ಅಲ್ವಾ? ಅಂದಾಜಲ್ಲಿ ಸೇದೋಕೆ ಇದೇನು ಬಾವಿನಾ?" ಎಂದರು.

ಮನೆಯಿಂದಲೇ ಸರಿಪಡಿಸುವೆನೆಂದು ಕೂತೆ. ಆದರೆ ಮನೆಯಿಂದ ಒಳಹೊಗುವ ದಾರಿ ನಿರ್ವಹಣಾ ಸರ್ವರಿನ ಮೂಲಕವೇ ಇದೆ, ಮತ್ತು ಅದು ಸಹ ಎದ್ದಿರಲಿಲ್ಲ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲೆಳೆದುಕೊಂಡ ಸ್ಥಿತಿ. ಹಾಗೆಂದು ಒಪ್ಪಿಕೊಂಡು ಕೂಡಲೇ ಹೊರಡಬೇಕಿತ್ತು. ಎರಡು ಗಂಟೆ ಬೇರೆ ಬೇರೆ ಬಾಗಿಲು ತಟ್ಟಿದೆ. ಹೊರಟಾಗ ಎಂಟೂ ಮುಕ್ಕಾಲು.

ನಾನು ತಲುಪಿದಾಗ ಒಂಬತ್ತೂ ನಲವತ್ತು. ಹನ್ನೊಂದೂ ಓಡುತ್ತಿದ್ದವು. ಕೋಣೆಯ ಬಾಗಿಲಲ್ಲಿ, ನನ್ನ ಸೂಚನೆಯ ಪಕ್ಕದಲ್ಲಿಯೇ, ಶೇಷಪ್ಪ ಸೀಟಿ ತೂಗಿಕೊಂಡು ನಿಂತಿದ್ದರು. ಸುನಿಲ್ ಎದುರಿಗೆ.

"ಮುಟ್ಬಾರ್ದು ಅಂತ ಬೋರ್ಡ್ ಇದೆ. ಓದಕ್ಕೆ ಬರುತ್ತಲ್ಲ?"

"ಬರುತ್ತೆ ಸಾರ್. ಅದಕ್ಕೇ ಎಂಟೂವರೆ ತನಕ ಮುಟ್ಟಿಲ್ಲ. ಆಮೇಲೆ ಪ್ರೇಮಮ್ಮೋರು ಹೇಳಿದ್ರು. ದೊಡ್ಡ ಮಿಷನ್ ಎರಡನ್ನೂ ಆಫ್ ಮಾಡಿ ಆನ್ ಮಾಡ್ದೆ."

"ಆರು ಗಂಟೆಗೇ ಬಂದಿದೀಯ. ಅದಕ್ಕೆ ಮುಂಚೆ ಏನೋ ಮಾಡಿ ಕೆಡ್ಸಿ, ಆಮೇಲೆ ರಿಪೇರಿ ಮಾಡಿಲ್ಲ ಅಂತ ಏನ್ ಗ್ಯಾರಂಟಿ?"

ಶೇಷಪ್ಪ ಕಪ್ಪು ರಟ್ಟಿನ ಪುಸ್ತಕವನ್ನು ಮುಂದೆ ಹಿಡಿದರು. ಸುನಿಲ್ ಅದನ್ನು ತೆಗೆದುಕೊಳ್ಳದೆ ನನ್ನ ಕಡೆ ತಿರುಗಿ, "ಮೇಡಂ, ನೀವು ನೋಡಿ ಹೇಳಿ," ಎಂದರು.

ನೋಡಿದೆ. ಯಂತ್ರಗಳ ದಾಖಲೆ ಸ್ಪಷ್ಟವಾಗಿದೆ. ಕರೆಂಟು ಬಂದದ್ದು ೪.೧೬ಕ್ಕೆ. ದೊಡ್ಡ ಯಂತ್ರಗಳು ನಾಲ್ಕೇ ನಿಮಿಷದಲ್ಲಿ ಸಿದ್ಧವಾಗಿ, ೪.೨೦ಕ್ಕೆ ನನ್ನ ಆಜ್ಞೆಯಂತೆ ಹನ್ನೊಂದನ್ನೂ ಎಬ್ಬಿಸಲು ಹೋಗಿವೆ. ಹನ್ನೊಂದರ ಸರ್ವಸ್ವವೂ ಇದ್ದ ಪೆಟ್ಟಿಗೆ ತನ್ನ ಡಿಸ್ಕುಗಳನ್ನೆಲ್ಲ ಪರೀಕ್ಷಿಸಿಕೊಂಡು ಎದ್ದದ್ದು ೪.೨೬ಕ್ಕೆ. ಆರು ನಿಮಿಷ ತಡ. ಯಂತ್ರಗಳು ಒಮ್ಮೆ ಹುಡುಕಿ, ಕಾಣದೆ, ಸುಮ್ಮನಾಗಿವೆ. ಮತ್ತೆ ಹುಡುಕಿ ಎಂದು ನಾನು ಹೇಳಿರಲಿಲ್ಲ. ಯಂತ್ರಗಳ ನಡುವೆ ಎರಡು ನಿಮಿಷ ಬಿಟ್ಟಿದ್ದೆ; ಮೊದಲನೆಯದರ ಮುಂಚೆ ಏನೂ ಬಿಟ್ಟಿರಲಿಲ್ಲ. ೮.೩೫ರವರೆಗೆ ಯಾರೂ ಏನನ್ನೂ ಮುಟ್ಟಿಲ್ಲ.

ಪೆಟ್ಟಿಗೆಗೆ ಬೇಕಾದದ್ದು ಹತ್ತು ನಿಮಿಷ. ಕಾಫಿ.

"ನೋಡಿ ಹೇಳ್ತೀನಿ ಸರ್," ಎಂದೆ. ಆಗಲೇ ನೋಡಿಯಾಗಿತ್ತು.

ಆರು ರೋಗಿಗಳಲ್ಲಿ ಐವರು ಕಾದಿದ್ದರು. ಹೊಳೆಹೊನ್ನೂರಿನ ಚೌಡಮ್ಮ ಎಂಬಾಕೆ ಕೂತು ಕೂತು ಸುಸ್ತಾಗಿ, ಶುಕ್ರವಾರದ ಸರದಿಗೆ ಬರುವೆನೆಂದು ಎಂಟೂಕಾಲರ ಬಸ್ಸಿಗೆ ಹೋಗಿಬಿಟ್ಟಿದ್ದರು.

ಮಾರ್ಚ್ ೧೯, ಬುಧವಾರ

ವರದಿ ಕಳುಹಿಸಿದೆ. ಮುಖ್ಯ ವಾಕ್ಯಗಳು ಇವು: "ಮಾರ್ಚ್ ೧೮ರ ಬೆಳಿಗ್ಗೆ ಅಧಿಕಾರವಿಲ್ಲದ ವ್ಯಕ್ತಿಯೊಬ್ಬರು ಯಂತ್ರಗಳನ್ನು ಕೈಯಿಂದ ಆರಿಸಿ ಹಚ್ಚಿರುವುದು ದಾಖಲೆಗಳಿಂದ ದೃಢಪಟ್ಟಿದೆ. ಇಂಥ ಹಸ್ತಕ್ಷೇಪವು ಸ್ವಯಂಚಾಲನೆಗೆ ಧಕ್ಕೆ ತರಬಲ್ಲದು."

ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಮೂರು ಬಾರಿ ಓದಿ ಪರಿಶೀಲಿಸಿದೆ. "ಫಸ್ಟ್ ಕ್ಲಾಸ್. ಯಾರ ಮೇಲೂ ನೇರವಾಗಿ ಹಾಕಿಲ್ಲ, ಆದ್ರೂ ಅರ್ಥ ಆಗುತ್ತೆ," ಎಂದರು ಶಶಿಧರ್ ಸರ್.

ಮೊದಲ ಯಂತ್ರ ಏಳುವ ಮುನ್ನ ಹದಿನೈದು ನಿಮಿಷ ಕಾಯುವಂತೆ ವ್ಯವಸ್ಥೆಯನ್ನು ಇಲ್ಲಿಂದಲೇ ತಿದ್ದಿದೆ. ಎರಡು ಅಂಕಿ ಒತ್ತುವಷ್ಟು ಕೆಲಸ. ಅದು ವರದಿಯಲ್ಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಪ್ರೇಮಮ್ಮನ ಕರೆ. ಚೌಡಮ್ಮ ಇಂದು ಬರಲಿಲ್ಲ. ನಿನ್ನೆ ಉಸಿರು ಕಟ್ಟಿದ್ದರಿಂದ ಅವರ ಮಗ ಇಲ್ಲಿಗೆ, ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದಾನೆ. ಐಸಿಯು.

"ಶೇಷಪ್ಪನ್ನ ಕೆಲ್ಸದಿಂದ ತೆಗೆದ್ರು," ಎಂದರು ಕೊನೆಯಲ್ಲಿ. "ನಿಮ್ ರಿಪೋರ್ಟ್ ಅಂತೆ."

ಮಾರ್ಚ್ ೨೨, ಶನಿವಾರ

ನನಗೆ ತಲೆನೋವೆಂದು ಅಮ್ಮನಿಗೆ ಹೇಳಿದೆ.

ಮಾರ್ಚ್ ೨೪, ಸೋಮವಾರ

ಚೌಡಮ್ಮನನ್ನು ನೋಡಿದೆ. ವಾರ್ಡಿಗೆ ತಂದಿದ್ದಾರೆ. ಮುಖ ಬಾತುಕೊಂಡಿದೆ, ಕೈಬಳೆ ತೆಗೆಯಲಾಗದೆ ಕತ್ತರಿಸಿದ್ದಾರೆ. ನಾನು ಭದ್ರಾವತಿ ಆಸ್ಪತ್ರೆಯ ಕಂಪ್ಯೂಟರ್ ಕಡೆಯವಳೆಂದೆ.

"ಸೈನ್ ಹಾಕ್ಬೇಕಾ? ಕನ್ನಡಕ ಮನೇಲೈತೆ."

"ಸೈನ್ ಏನೂ ಬೇಡಮ್ಮ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

"ಅಷ್ಟು ದೂರದಿಂದ ಸುಮ್ನೆ ಬಂದ್ಯಾ? ಕುಂತ್ಕೋ." ಉಸಿರು ಎಳೆದುಕೊಂಡು ಹೇಳಿದರು, "ಆವತ್ತು ಕಂಪ್ಯೂಟ್ರು ಕೆಟ್ಟೋಯ್ತು ಅಂದ್ರು. ಕೆಡ್ತದೆ ಬಿಡು, ಅದೇನು ಮಹಾ. ನನ್ ಕಿಡ್ನಿ ಕೆಟ್ಟಿಲ್ವಾ?"

ಪಕ್ಕದ ಹಾಸಿಗೆಯಾಕೆ ನಕ್ಕಳು. ಚೌಡಮ್ಮನೂ ನಕ್ಕು ಕೆಮ್ಮಿದರು. ಅವರ ತಲೆದಿಂಬು ಸರಿಮಾಡಿದೆ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ವಾಕ್ಯ ಹದಿನಾಲ್ಕು ಪದಗಳದ್ದು. ಅದರ ಮೊದಲ ಪದವೂ ಬರಲಿಲ್ಲ.

ಮಾರ್ಚ್ ೨೭, ಗುರುವಾರ

ಶೇಷಪ್ಪನವರ ಮನೆಗೆ ಹೋಗಿದ್ದೆ. ಭದ್ರಾವತಿಯ ನ್ಯೂಟೌನಿನ ಹಿಂಭಾಗದಲ್ಲಿ ಎರಡು ಕೋಣೆಯ ಮನೆ. ಅವರು ಜಗಲಿಯಲ್ಲಿ ಯಾರದೋ ಮಿಕ್ಸಿಯನ್ನು ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ನೋಡಿ ಏಳಲಿಲ್ಲ. ಅವರ ಹೆಂಡತಿ ಈಶ್ವರಮ್ಮ ಚಾಪೆ ಹಾಸಿ ಒಳಗೆ ಹೋದರು.

"ತಪ್ಪು ನನ್ನದು," ಎಂದೆ. ಇಷ್ಟು ಚಿಕ್ಕ ವಾಕ್ಯವನ್ನು ಹೇಳಲು ಇಷ್ಟು ದಿನ ಬೇಕಾಯಿತು. "ಪೆಟ್ಟಿಗೆ ಏಳೋಕೆ ಹತ್ತು ನಿಮಿಷ ಬೇಕಿತ್ತು. ನಾನು ಬಿಟ್ಟಿರ್ಲಿಲ್ಲ. ನೀವು ಮುಟ್ಟಿದ್ರಿಂದ ಕೆಟ್ಟಿದ್ದಲ್ಲ, ಸರಿಯಾಗಿದ್ದು."

"ನಂಗೆ ಗೊತ್ತಿರೋದನ್ನೇ ನಂಗೆ ಹೇಳಕ್ಕೆ ಶಿವಮೊಗ್ಗದಿಂದ ಬಂದ್ರಾ?" ಎಂದರು. ಕಣ್ಣು ಮಿಕ್ಸಿಯ ಮೇಲೆಯೇ ಇತ್ತು.

ಆಗ ಈಶ್ವರಮ್ಮ ಕಾಫಿ ತಂದಿಟ್ಟರು. ಲೋಟವನ್ನು ನನ್ನಿಂದ ಎತ್ತಲಾಗಲಿಲ್ಲ.

"ಕುಡೀರಿ. ವಿಷ ಹಾಕಿಲ್ಲ," ಎಂದರು ಶೇಷಪ್ಪ. ಆಮೇಲೆ, ಸ್ಕ್ರೂ ಒಂದನ್ನು ಬಟ್ಟೆಯಲ್ಲಿ ಒರೆಸುತ್ತ, ಮಿಕ್ಸಿಗೆ ಹೇಳುವಂತೆ ಹೇಳಿದರು: "ನಮ್ ಪವರ್ ಹೌಸಲ್ಲಿ ಗೋವಿಂದಯ್ಯ ಅಂತ ಮೇಸ್ತ್ರಿ ಇದ್ದ. ಅವನ ರೂಲು. ದೊಡ್ಡ ಸ್ವಿಚ್ ಹಾಕಿದ್ಮೇಲೆ ಅದ್ರ ಮುಂದೆ ನಿಲ್ಬಾರ್ದು. ನಿಂತ್ರೆ ಕೈ ಸುಮ್ನಿರಲ್ಲ. ಯಾಕೆ ಇನ್ನೂ ಆಗ್ಲಿಲ್ಲ ಅಂತ ಮುಂದಿನ ಸ್ವಿಚ್ಚಿಗೆ ಹೋಗುತ್ತೆ. ಆಚೆ ಹೋಗಿ ಕಾಫಿ ಕುಡಿ, ಲೋಟ ತೊಳ್ದು, ಆಮೇಲೆ ಬಾ. ಬಂದು ಕಾಫಿ ಅಂತ ಬರಿ. ಬರೀದಿದ್ರೆ ಕಾದಿಲ್ಲ ಅಂತ ಅರ್ಥ. ಇಬ್ರು ಹುಡುಗ್ರು ಕಾಯದೇನೇ ಕೈ ಸುಟ್ಕೊಂಡಿದ್ರು, ಅದಾದ್ಮೇಲೆ ಬಂದ ರೂಲು."

ಆ ಪದವನ್ನು ಪರದೆಯ ಮೇಲೆ ಹಾಕಿ ನಗಿಸಿದ್ದೆ. ಅದು ಅವರಿಗೆ ಗೊತ್ತಿದೆಯೇ ಎಂದು ಕೇಳುವ ಧೈರ್ಯವಾಗಲಿಲ್ಲ. ಗೊತ್ತಿದ್ದೇ ಇರುತ್ತದೆ.

"ಪುಸ್ತಕ ತೋರಿಸಿದ್ರೆ ಅವತ್ತೇ ಎಲ್ಲ ತಿಳೀತಿತ್ತಲ್ವಾ?" ಎಂದೆ.

"ತೋರಿಸ್ದೆ. ನೀವೂ ಅಲ್ಲೇ ಇದ್ರಿ. ಕಂಪ್ಯೂಟರ್ ರಿಪೋರ್ಟ್ ಇರ್ಬೇಕಾದ್ರೆ ಪೆನ್ಸಿಲ್ ಬರಹ ಯಾರಿಗೆ ಬೇಕು."

ಒಳಗಿನಿಂದ ಪುಸ್ತಕ ತರಿಸಿ ಫೆಬ್ರವರಿ ೨೩ರ ಪುಟ ತೆರೆದರು. "ಮೇನ್ ಆಫ್ ಇಲ್ಲ. ಪೆಟ್ಟಿಗೆ ಆಫ್ ಇಲ್ಲ. ಮೇಡಂ ದೊಡ್ಡ ಮಿಷನ್ ಎರಡು ಮಾತ್ರ ಆಫ್." ಆ ಸಂಜೆ ಪಾಳಿಗೆ ಬಂದು ಪ್ರೇಮಮ್ಮನನ್ನು ಕೇಳಿ ಬರೆದದ್ದಂತೆ. ಅದರ ಕೆಳಗೆ ಎರಡು ಗೆರೆ ಖಾಲಿ.

"ಆ ಎರಡು ಗೆರೆ ನಿಮ್ದು. ತಪ್ಪು ಮಾಡಿದೋರೇ ಬರೀಬೇಕು. ಬೇರೆಯೋರು ಬರೆಯೋ ಹಂಗಿಲ್ಲ. ಅದೂ ಗೋವಿಂದಯ್ಯನ ರೂಲೇ."

ಚೀಲದಿಂದ ಪೆನ್ನು ತೆಗೆದೆ. ಅವರು ಪುಸ್ತಕ ಮುಚ್ಚಿದರು. "ಇಲ್ಲಲ್ಲ. ಮನೇಲಿ ಕೂತು ಬರೆಯೋ ಪುಸ್ತಕ ಅಲ್ಲ ಇದು. ಮಿಷನ್ ಮುಂದೆ ನಿಂತು, ನಾಲ್ಕು ಜನ ನೋಡ್ತಿರ್ಬೇಕಾದ್ರೆ ಬರೀಬೇಕು."

ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕಾಫಿ ಆರಿತ್ತು. ಕುಡಿದು ಬಂದೆ.

ಮಾರ್ಚ್ ೨೮, ಶುಕ್ರವಾರ

ಶಶಿಧರ್ ಸರ್ ಮುಂದೆ ಹೊಸ ವರದಿ ಇಟ್ಟೆ. ಹನ್ನೆರಡು ಸಾಲು. ಓದಿ ಬಾಗಿಲು ಹಾಕಿದರು.

"ಇದು ಹೋದ್ರೆ ಆ ಆಸ್ಪತ್ರೆ ನಮ್ ಕೈಲಿರಲ್ಲ. ಟೆಸ್ಟ್ ಮಾಡ್ದೆ ಮಾಡಿದೀನಿ ಅಂತ ಟಿಕ್ ಹಾಕಿದಾಳೆ ಅಂತ ಊರೆಲ್ಲ ಗೊತ್ತಾಗುತ್ತೆ. ಶಿವಮೊಗ್ಗ ಎಷ್ಟು ದೊಡ್ಡ ಊರು ಅಂದ್ಕೊಂಡಿದೀರ? ಆ ಯಪ್ಪನಿಗೆ ಬೇರೆ ಕಡೆ ನಾನೇ ಕೆಲಸ ನೋಡ್ತೀನಿ, ಸುಮ್ನಿದ್ಬಿಡಿ."

"ಅವರು ಕೆಲಸ ಕೇಳ್ಲಿಲ್ಲ ಸರ್."

"ಮತ್ತೇನ್ ಕೇಳಿದ್ರು?"

"ಎರಡು ಗೆರೆ."

ಸರ್‌ಗೆ ಅರ್ಥವಾಗಲಿಲ್ಲ. ೫.೧೦ಕ್ಕೆ ನಾನೇ ಸುನಿಲ್ ಅವರಿಗೆ ಕಳುಹಿಸಿದೆ. ಕಳುಹಿಸಿದ ಮೇಲೆ ಅಲ್ಲಿ ಕೂರಲಾರದೆ ಬೀದಿಯ ಕೊನೆಯವರೆಗೆ ನಡೆದು ಬಂದೆ.

ಮಾರ್ಚ್ ೩೦, ಭಾನುವಾರ. ಯುಗಾದಿ

ಉತ್ತರ ಬಂದಿಲ್ಲ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಪಂಚಾಂಗ ಮಡಿಸಿಟ್ಟರು. "ಆಗಿದೆ ಅಂತ ಗುರುತು ಹಾಕುವಾಗ ಕೈ ನಡುಗಿತ್ತೇನೇ?" ಎಂದು ಕೇಳಿದರು.

ಇಲ್ಲ. ನಡುಗಿರಲಿಲ್ಲ. ಅದನ್ನೂ ಹೇಳಿದೆ.

ಏಪ್ರಿಲ್ ೨, ಬುಧವಾರ

ಸುನಿಲ್ ಅವರ ಉತ್ತರ: ಬರುವ ಭಾನುವಾರ ಪೂರ್ಣ ವಿದ್ಯುತ್ ಕಡಿತದ ಪರೀಕ್ಷೆ ನಡೆಸಿ ಕೊಡತಕ್ಕದ್ದು, ಅನಂತರ ಬೇರೊಬ್ಬ ಎಂಜಿನಿಯರನ್ನು ನೇಮಿಸತಕ್ಕದ್ದು, ಶೇಷಪ್ಪ ಅವರನ್ನು ಪರೀಕ್ಷೆಗೆ ಕರೆಸಲಾಗುವುದು. ಶಶಿಧರ್ ಸರ್ ಒಂದೇ ವಾಕ್ಯ ಹೇಳಿದರು: ಸೋಮವಾರದಿಂದ ನಾನು ಪ್ರಿಂಟರ್ ದುರಸ್ತಿಯ ಕರೆಗಳನ್ನು ನೋಡಿಕೊಳ್ಳಬೇಕು.

ಚೌಡಮ್ಮ ಊರಿಗೆ ಹೋಗಿದ್ದಾರೆ. ಹೊರಡುವ ದಿನ ತಪ್ಪು ನನ್ನದೆಂದು ಅವರಿಗೆ ಹೇಳಿದೆ. "ಹಂಗಾ," ಎಂದು ನನ್ನನ್ನೇ ನೋಡಿದರು. ನಗಿಸುವ ಮಾತು ಆಡಲಿಲ್ಲ. "ಇನ್ನೊಂದ್ಸಲ ಹಿಂಗ್ ಮಾಡ್ಬೇಡ," ಎಂದರು.

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆ ಒಂಬತ್ತೂವರೆಗೆ ಮೇನ್ ತೆಗೆದವರು ಶೇಷಪ್ಪನವರು. ಸೀಟಿ ಇರಲಿಲ್ಲ; ಇಸ್ತ್ರಿ ಮಾಡಿದ ಅಂಗಿ. ಡಯಾಲಿಸಿಸ್ ವಿಭಾಗದಲ್ಲಿ ಯಾರೂ ಇಲ್ಲವೆಂದು ಪ್ರೇಮಮ್ಮ ಎರಡು ಬಾರಿ ಮೇಲೆ ಹೋಗಿ ನೋಡಿ ಬಂದಿದ್ದರು. ಬ್ಯಾಟರಿಯನ್ನೂ ಬಿಡಿಸಿದೆವು. ಆ ಕೋಣೆ ಅಷ್ಟು ನಿಶ್ಶಬ್ದವಾಗಿ ಇರಬಲ್ಲದೆಂದು ನನಗೆ ತಿಳಿದಿರಲಿಲ್ಲ.

೯.೫೨ಕ್ಕೆ ಕರೆಂಟು ಕೊಟ್ಟರು. ದೊಡ್ಡ ಯಂತ್ರಗಳು ನಾಲ್ಕು ನಿಮಿಷದಲ್ಲಿ ಎದ್ದು ನಿಂತವು. ಪೆಟ್ಟಿಗೆಯ ದೀಪ ಮಿನುಗುತ್ತಲೇ ಇತ್ತು. ಸುನಿಲ್ ಗಡಿಯಾರ ನೋಡಿದರು. ನನ್ನ ಬೆರಳು ಕೀಲಿಮಣೆಯ ಮೇಲಿತ್ತು.

"ಮೇಡಂ," ಎಂದರು ಶೇಷಪ್ಪನವರು. "ಕಾಫಿ."

"ಒಂದು ಸಲ ನೋಡಿಬಿಡ್ತೀನಿ..."

"ಅದಕ್ಕೇ ಕರೀತಿರೋದು. ನಡೀರಿ."

ನಾಲ್ವರೂ ಕ್ಯಾಂಟೀನಿಗೆ ಹೋದೆವು. ರಾಮನವಮಿಯೆಂದು ಕ್ಯಾಂಟೀನಿನವನು ಪಾನಕ ಕೊಡಲು ಬಂದ. "ಪಾನಕ ಆಮೇಲೆ ಮಾರಾಯ. ಇವ್ರದ್ದು ಕಾಫಿ ಡ್ಯೂಟಿ," ಎಂದರು ಪ್ರೇಮಮ್ಮ. ಸುನಿಲ್ ಮೊದಲ ಬಾರಿಗೆ ನಕ್ಕರು. ಶೇಷಪ್ಪನವರು ನಗಲಿಲ್ಲ. ನಿಧಾನವಾಗಿ ಕುಡಿದರು. ಚೌಡಮ್ಮ ಶುಕ್ರವಾರ ಬಂದಿದ್ದರೆಂದೂ ತೂಕ ಸರಿಯಾಗಿದೆಯೆಂದೂ ಪ್ರೇಮಮ್ಮ ಹೇಳಿದರು. ಕ್ಯಾಂಟೀನಿನವನು ಬೇಡವೆಂದರೂ ಎಲ್ಲರ ಲೋಟಗಳನ್ನೂ ನಾನೇ ತೊಳೆದೆ.

ಮರಳಿದಾಗ ಪೆಟ್ಟಿಗೆಯ ದೀಪ ಸ್ಥಿರವಾಗಿ ಹಸಿರಾಗಿತ್ತು. ಹದಿನೈದನೆಯ ನಿಮಿಷಕ್ಕೆ ಮೊದಲನೆಯ ಯಂತ್ರ ಎದ್ದಿತು. ಆಮೇಲೆ ಒಂದೊಂದಾಗಿ ಹನ್ನೊಂದೂ. ಯಾರೂ ಏನನ್ನೂ ಮುಟ್ಟಲಿಲ್ಲ. ಬಾಗಿಲ ಮೇಲಿನ ನನ್ನ ಸೂಚನೆಯನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡೆ.

"ಆಯ್ತಲ್ಲ. ಶೇಷಪ್ಪ, ನಾಳೆಯಿಂದ ಬಂದ್ಬಿಡು," ಎಂದರು ಸುನಿಲ್.

"ನೋಡೋಣ ಸಾರ್. ಗೇಟಿಗಾದ್ರೆ ಬರಲ್ಲ." ಇಷ್ಟು ಹೇಳಿ ಕಪ್ಪು ರಟ್ಟಿನ ಪುಸ್ತಕವನ್ನು ಯಂತ್ರದ ಮುಂದಿನ ಮೇಜಿನ ಮೇಲೆ ಫೆಬ್ರವರಿ ೨೩ರ ಪುಟಕ್ಕೆ ತೆರೆದು, ಪೆನ್ಸಿಲನ್ನು ನನ್ನ ಕಡೆ ಚಾಚಿದರು.

ಮೂವರೂ ನೋಡುತ್ತಿದ್ದರು. ಬರೆದೆ: "ಮೇನ್ ಆಫ್ ಮಾಡಿಲ್ಲ. ಮಾಡಿದ್ದೇನೆಂದು ಗುರುತು ಹಾಕಿದವಳು ನಾನು. ಶರಾವತಿ." ಎರಡು ಗೆರೆಗೆ ಸರಿಹೋಯಿತು.

ಶೇಷಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. "ಟೈಮ್ ಹಾಕಿಲ್ಲ."

"ಯಾವ ಟೈಮ್?"

"ತಪ್ಪಾಗಿದ್ದು ಯಾವಾಗ?"

ಆ ಭಾನುವಾರ ಗುರುತು ಹಾಕಿದ್ದು ಮಧ್ಯಾಹ್ನ ೨.೨೦ರ ಸುಮಾರಿಗೆ. ಹಾಗೆಂದು ಬರೆಯಲು ಹೋದೆ. ಪೆನ್ಸಿಲ್ ಮುಂದುವರಿಯಲಿಲ್ಲ. ಪುಟಗಳನ್ನು ಹಿಂದಕ್ಕೆ ತಿರುವಿದೆ, ಫೆಬ್ರವರಿ ೧೩ರವರೆಗೆ. ಆ ದಿನದ ಎದುರು ಅವರು "ಏನೂ ಇಲ್ಲ" ಎಂದು ಬರೆದಿದ್ದರು. ಅದರ ಕೆಳಗೆ ಬರೆದೆ:

"ಬೆ. ೧೧.೧೫. ಪೆಟ್ಟಿಗೆಯ ವಿಷಯ ಹೇಳಲು ಬಂದರು. ಕೇಳಲಿಲ್ಲ."

ಅವರು ಪೆನ್ಸಿಲ್ ತೆಗೆದುಕೊಂಡು, ಪಕ್ಕದಲ್ಲಿ ಶೇ. ಎಂದು ಹಾಕಿದರು.